ಎಲೆಗೆ ಬೆಳಕಿನ ಭಾರ

ಸಸ್ಯಗಳಿಗೆ ಬೆಳಕೇ ಜೀವಾಧಾರವೆಂಬುದನ್ನು ನಾವೆಲ್ಲರೂ ಚಿಕ್ಕಂದಿನಲ್ಲಿಯೇ ಕಲಿತಿದ್ದೇವೆ. ಆದರೆ ಆ ಬೆಳಕೇ ಕೆಲವೊಮ್ಮೆ ಅವಕ್ಕೆ ಸಂಕಟವನ್ನೂ ತರುತ್ತದೆಂಬುದು ಅಷ್ಟಾಗಿ ಪರಿಚಿತವಾದ ಮಾತಲ್ಲ. ಉಣ್ಣುವ ಅನ್ನವೂ ಅಳತೆ ಮೀರಿದರೆ ಅಜೀರ್ಣವಾಗುವುದಿಲ್ಲವೆ? ಎಲೆಯ ಪಾಡೂ ಅಂಥದೇ. ಈ ಸಂಗತಿಯನ್ನು ನಮ್ಮ ಮಲೆನಾಡಿನ ಕಾಫಿ ಗಿಡದ ಉದಾಹರಣೆಯಿಂದ ವಿವರಿಸಬಯಸುತ್ತೇನೆ.

ಅರೇಬಿಕಾ ಕಾಫಿಯ ತವರು ಇಥಿಯೋಪಿಯದ ಎತ್ತರದ ಕಾಡುಗಳು. ಅಲ್ಲಿ ಅದು ಹೆಮ್ಮರಗಳ ಅಡಿಯಲ್ಲಿ, ಕೊಂಬೆಗಳ ನಡುವೆ ಸೋಸಿ ಬಂದ ಬೆಳಕಿನಲ್ಲಿ ಬೆಳೆದ ಸಸ್ಯ. ನಡುಹಗಲಿನ ಪೂರ್ಣ ಬಿಸಿಲಿನ ಮೂರನೆಯ ಒಂದು ಪಾಲು ದೊರೆತರೂ ಅದರ ಎಲೆಗೆ ಸಾಕು. ಉಳಿದುದನ್ನು ಆಹಾರ ತಯಾರಿಕೆಗೆ ಬಳಸುವ ಶಕ್ತಿ ಅದಕ್ಕಿಲ್ಲ. ಹಾಗೆಂದು ಹೆಚ್ಚಿನ ಬೆಳಕನ್ನು ಬೇಡವೆಂದು ಹೊರಗಿಡುವಂತೆಯೂ ಇಲ್ಲ. ಪತ್ರಹರಿತ್ತು ತನ್ನ ಮೇಲೆ ಬಿದ್ದ ಬೆಳಕನ್ನು ಹೀರುತ್ತಲೇ ಇರುತ್ತದೆ. ಹೀಗೆ ಹೀರಿಯೂ ಕೆಲಸಕ್ಕೆ ಬಾರದ ಶಕ್ತಿಯು ಅಲ್ಲಿಯೇ ಇರುವ ಆಮ್ಲಜನಕಕ್ಕೆ ವರ್ಗವಾದರೆ, ಆ ಆಮ್ಲಜನಕವು ಉಗ್ರರೂಪ ತಾಳಿ ಜೀವಕೋಶದ ಭಾಗಗಳನ್ನೇ ಕೆಡಿಸತೊಡಗುತ್ತದೆ.

ಬರ ಬಂದಾಗ ಈ ಕಷ್ಟ ಇಮ್ಮಡಿಯಾಗುತ್ತದೆ. ನೀರು ಸಾಲದಾದರೆ ಎಲೆ ತನ್ನ ಪತ್ರರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ; ಇಂಗಾಲದ ಡೈಆಕ್ಸೈಡ್ ಒಳಬರುವುದು ಕಡಮೆಯಾಗುತ್ತದೆ. ಅಡುಗೆಗೆ ಅಕ್ಕಿಯಿಲ್ಲ, ಒಲೆಯ ಉರಿ ಮಾತ್ರ ತಗ್ಗುವುದಿಲ್ಲ. ಕಡುಚಳಿಯಲ್ಲಿಯೂ ಇದೇ ಕಥೆ: ಕಿಣ್ವಗಳ ಕೆಲಸ ನಿಧಾನವಾಗುತ್ತದೆ, ಬೆಳಕು ನಿಧಾನಿಸುವುದಿಲ್ಲ. ನಿನ್ನೆಯವರೆಗೆ ಹಿತವಾಗಿದ್ದ ಬಿಸಿಲೇ ಇಂದು ಹೊರೆಯಾಗುವುದು ಹೀಗೆ.

ಆದರೆ ಎಲೆ ಸುಮ್ಮನೆ ಸಹಿಸಿಕೊಂಡಿರುವುದಿಲ್ಲ. ಬೆಳಕು ಮಿತಿಮೀರಿದ ಕೆಲವೇ ನಿಮಿಷಗಳಲ್ಲಿ ಅದರೊಳಗಿನ ವಯೋಲಾಕ್ಸಾಂಥಿನ್ ಎಂಬ ಹಳದಿ ವರ್ಣದ್ರವ್ಯ ಝಿಯಾಕ್ಸಾಂಥಿನ್ ಆಗಿ ಮಾರ್ಪಡುತ್ತದೆ. ಇದರ ನೆರವಿನಿಂದ ಹೆಚ್ಚುವರಿ ಶಕ್ತಿಯು ಕೇವಲ ಶಾಖವಾಗಿ ಹೊರಹೋಗುತ್ತದೆ. ಬಿಸಿಲಿನಿಂದ ಕೆಟ್ಟ ಪ್ರೋಟೀನುಗಳನ್ನು ತೆಗೆದು ಹೊಸತನ್ನು ಕೂಡಿಸುವ ದುರಸ್ತಿಯೂ ಹಗಲೆಲ್ಲ ನಡೆದಿರುತ್ತದೆ.

ಈ ರಕ್ಷಣೆಗೂ ಬೆಲೆಯುಂಟು. ಮೋಡ ಕವಿದು ಬಿಸಿಲು ಇಳಿದ ಮೇಲೂ ಎಲೆ ಕೆಲಕಾಲ ಬೆಳಕನ್ನು ಶಾಖವಾಗಿ ಚೆಲ್ಲುತ್ತಲೇ ಇರುತ್ತದೆ. 2016ರಲ್ಲಿ ಅಮೆರಿಕದ ಇಲಿನಾಯ್ಸ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳೂ ಅವರ ಸಹೋದ್ಯೋಗಿಗಳೂ ಹೊಗೆಸೊಪ್ಪಿನ ಗಿಡದಲ್ಲಿ ಮೂರು ಜೀನುಗಳ ಮೂಲಕ ಈ ಹಿಂದಿರುಗುವಿಕೆಯನ್ನು ಚುರುಕುಗೊಳಿಸಿದಾಗ, ಹೊಲದಲ್ಲಿ ಗಿಡದ ಒಣತೂಕ ಸುಮಾರು ಶೇಕಡ 15ರಷ್ಟು ಹೆಚ್ಚಿತು. ರಕ್ಷಣೆಯ ಖರ್ಚು ಎಷ್ಟೆಂಬುದು ಇದರಿಂದ ಊಹೆಗೆ ನಿಲುಕೀತು.

ಈಗ ಕಾಫಿ ತೋಟಕ್ಕೆ ಮರಳೋಣ. ನೆರಳಿನಲ್ಲಿ ಬೆಳೆದ ಎಲೆ ತೆಳು. ಅದರಲ್ಲಿ ರಕ್ಷಕ ದ್ರವ್ಯಗಳ ಸಂಗ್ರಹವೂ ಅಲ್ಪ. ಆದುದರಿಂದಲೇ ಚಪ್ಪರದಡಿಯ ಸಸಿಗಳನ್ನು ಅನುಭವಸ್ಥರು ಒಮ್ಮೆಗೇ ಬಯಲಿಗೆ ತರದೆ, ಮೇಲಿನ ಸೊಪ್ಪನ್ನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ ಬಿಸಿಲಿಗೆ ಹದಗೊಳಿಸುತ್ತಾರೆ. ನೆರಳಿನ ಮರಗಳನ್ನೆಲ್ಲ ಒಂದೇ ಬೇಸಗೆಯಲ್ಲಿ ಕಡಿದ ತೋಟಗಳನ್ನು ನಾನು ನೋಡಿದ್ದೇನೆ. ಮೊದಲು ಎಲೆ ಹಳದಿಗಟ್ಟಿ ಸುಡುತ್ತದೆ. ತಡೆದುಕೊಂಡ ಗಿಡ ಬೆಳಕಿನ ಹುರುಪಿನಲ್ಲಿ ಶಕ್ತಿಮೀರಿ ಕಾಯಿ ಹೊತ್ತು, ಮರುವರ್ಷ ರೆಂಬೆ ತುದಿಯಿಂದ ಒಣಗುತ್ತ ಬರುತ್ತದೆ. ಬಿಸಿಲನ್ನು ಮೆಚ್ಚುವ ಬಿಳಿ ಕಾಂಡಕೊರಕವೂ ಅಂಥಲ್ಲಿಯೇ ಹೆಚ್ಚು. ಆ ಗಿಡವನ್ನು ಕಿತ್ತು ಸುಡುವುದಲ್ಲದೆ ಬೆಳೆಗಾರನಿಗೆ ಬೇರೆ ದಾರಿಯಿಲ್ಲ.

ಹಾಗೆಂದು ದಟ್ಟ ನೆರಳೇ ಮೇಲೆಂದು ನಾನು ಹೇಳುತ್ತಿಲ್ಲ. ನೆರಳು ಹೆಚ್ಚಾದರೆ ಹೂವು ಕಡಮೆ. ಮಳೆಗಾಲದಲ್ಲಿ ಕೊಳೆರೋಗದ ಭಯ ಬೇರೆ. ಅದಕ್ಕೆಂದೇ ಮುಂಗಾರಿಗೆ ಮುಂಚೆ ಮರಗಸಿ ಮಾಡಿ ಕೊಂಬೆಗಳನ್ನು ಸವರುವ ಪದ್ಧತಿ ಬೆಳೆದುಬಂದಿದೆ. ಮರವನ್ನು ಉಳಿಸಿಕೊಂಡು ಬೆಳಕನ್ನು ಅಳೆದು ಕೊಡುವ ಕ್ರಮವದು. ಎಲೆಯೊಳಗಿನ ರಸಾಯನವನ್ನು ಕಾಣದೆಯೇ ಹಿರಿಯರು ಎಲೆಯ ಹಸಿವನ್ನೂ ಅದರ ಮಿತಿಯನ್ನೂ ಬಲ್ಲವರಾಗಿದ್ದರು. ಕಡಿದ ಮರದ ದಿಮ್ಮಿಗೆ ಇಂದೇ ಬೆಲೆ ಸಿಕ್ಕೀತು. ಅದರ ನೆರಳನ್ನು ಮತ್ತೆ ಬೆಳೆಸಲು ಹಲವು ವರ್ಷಗಳೇ ಬೇಕು.