ಹಕ್ಕಿಯ ತುಪ್ಪುಳ, ಮಲಗುವ ಚೀಲ

ನಮ್ಮ ಪುಣೆಯಲ್ಲಿ ಚಳಿ ಬಲಿತ ಒಂದು ಮುಂಜಾನೆ, ತಂತಿಯ ಮೇಲೆ ಕುಳಿತ ಗುಬ್ಬಚ್ಚಿಯನ್ನು ಗಮನವಿಟ್ಟು ನೋಡಿರಿ. ನಿನ್ನೆಯ ಮಧ್ಯಾಹ್ನ ಸಣಕಲಾಗಿ, ಚುರುಕಾಗಿ ಹಾರಾಡುತ್ತಿದ್ದ ಹಕ್ಕಿ ಈಗ ಅರಳೆಯ ಉಂಡೆಯಂತೆ ಉಬ್ಬಿ ಕುಳಿತಿರುತ್ತದೆ. ಒಂದೇ ರಾತ್ರಿಯಲ್ಲಿ ಅದು ಕೊಬ್ಬಿತೆ? ಇಲ್ಲ. ಗರಿಗಳನ್ನು ನಿಮಿರಿಸಿಕೊಂಡು ಅವುಗಳ ಅಡಿಯಲ್ಲಿ ಗಾಳಿಯನ್ನು ತುಂಬಿಕೊಂಡಿದೆ, ಅಷ್ಟೆ. ಬಿಸಿಲೇರಿದೊಡನೆ ಅದು ಮೊದಲಿನ ಗಾತ್ರಕ್ಕೆ ಮರಳುವುದು. ಹಿಮಾಲಯದ ಚಾರಣಕ್ಕೆ ಹೋಗುವವರು ಬೆನ್ನಿಗೆ ಹೊತ್ತೊಯ್ಯುವ, ಅಂಗಡಿಯವರು ‘ಡೌನ್ ಸ್ಲೀಪಿಂಗ್ ಬ್ಯಾಗ್’ ಎಂದು ಕರೆಯುವ ತುಪ್ಪುಳದ ಚೀಲವು ಈ ಗುಬ್ಬಚ್ಚಿಯ ಉಪಾಯವನ್ನೇ ಮನುಷ್ಯನಿಗೆ ಒದಗಿಸಿಕೊಡುವ ಸಾಧನವಾಗಿದೆ.

ಈಚೆಗೆ ನಮ್ಮ ಶಾಲೆಯ ಹುಡುಗ ಹುಡುಗಿಯರು ಸಿಂಹಗಡ, ರಾಜಗಡ, ತೋರಣಾಗಳನ್ನು ಹತ್ತಿ ಮುಗಿಸಿ, ಮೇ ತಿಂಗಳ ರಜೆಯಲ್ಲಿ ಹಿಮಾಲಯದತ್ತ ಹೊರಡುವುದುಂಟು. ಹೊರಡುವ ಮುನ್ನ ಬೂಟಿನ ವಿಷಯವಾಗಿ ಹತ್ತು ಜನರನ್ನು ಕೇಳುತ್ತಾರೆ; ಮಲಗುವ ಚೀಲದ ವಿಷಯವಾಗಿ ಕೇಳುವವರು ವಿರಳ. ಇದೇ ಶಾಲೆಯಲ್ಲಿ ಓದಿದ ನಾನೂ ಮೊದಲ ಸಲ ಹೊರಟಾಗ ಕೇಳಿರಲಿಲ್ಲ. ಅದರ ಫಲವೇನಾಯಿತೆಂಬುದನ್ನು ಮುಂದೆ ಹೇಳುವೆನು.

ತುಪ್ಪುಳವೆಂದರೆ ಗರಿಯಲ್ಲ. ಗರಿಯ ನಡುವೆ ಗಟ್ಟಿಯಾದ ದಂಟು ಇರುತ್ತದೆ. ಹಾರುವುದಕ್ಕೂ ಮಳೆನೀರನ್ನು ಜಾರಿಸುವುದಕ್ಕೂ ಅದು ಬೇಕು. ಬಾತುಕೋಳಿ, ಹೆಬ್ಬಾತು ಮೊದಲಾದ ನೀರುಹಕ್ಕಿಗಳಿಗೆ ಗರಿಗಳ ಅಡಿಯಲ್ಲಿ, ಮುಖ್ಯವಾಗಿ ಎದೆಯ ಮೇಲೆ, ದಂಟಿಲ್ಲದ ಮೆತ್ತನೆಯ ಇನ್ನೊಂದು ಹೊದಿಕೆಯುಂಟು. ಅದರ ಒಂದು ಕುಚ್ಚನ್ನು ಅಂಗೈಯ ಮೇಲಿಟ್ಟು ನೋಡಿದರೆ ಗಾಳಿಯಲ್ಲಿ ತೇಲಿಬರುವ ಎಕ್ಕದ ಬೀಜದ ಅರಳೆ ನೆನಪಾಗುತ್ತದೆ. ನಡುವಿನ ಒಂದು ಬಿಂದುವಿನಿಂದ ನವುರಾದ ಎಳೆಗಳು ಎಲ್ಲ ದಿಕ್ಕಿಗೂ ಚಾಚಿಕೊಂಡಿರುತ್ತವೆ. ಹಿಚುಕಿದರೆ ಇಲ್ಲವೆಂಬಷ್ಟು ಚಿಕ್ಕದಾಗುವುದು. ಬಿಟ್ಟರೆ ಮತ್ತೆ ಅರಳುವುದು. ಆ ಎಳೆಗಳ ನಡುವೆ ಸಿಕ್ಕ ಗಾಳಿ ಅಲುಗಾಡಲಾರದು. ಅಲುಗಾಡದ ಗಾಳಿಯು ಉಷ್ಣವನ್ನು ಬಹು ನಿಧಾನವಾಗಿ ಸಾಗಿಸುತ್ತದೆಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿರುವಿರಿ. ಚಳಿಯನ್ನು ತಡೆಯುವುದು ಈ ಗಾಳಿಯೇ. ತುಪ್ಪುಳವು ಅದನ್ನು ಹಿಡಿದಿಡುವ ಬಲೆ ಮಾತ್ರ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಚೀಲವನ್ನು ಆರಿಸುವುದು ಹೇಗೆ, ಕಾಪಾಡುವುದು ಹೇಗೆ ಎಂಬುದೆಲ್ಲವೂ ಮುಕ್ಕಾಲು ಪಾಲು ತಾನಾಗಿಯೇ ತಿಳಿಯುವುದು.

ಇನ್ನೊಂದು ಸಂಗತಿ. ಚೀಲವು ತಾನಾಗಿ ಬಿಸಿಯನ್ನು ಹುಟ್ಟಿಸುವುದಿಲ್ಲ. ಒಲೆ ನಮ್ಮ ದೇಹ. ಉಂಡ ಅನ್ನವೇ ಸೌದೆ, ಉಸಿರಿನ ಆಮ್ಲಜನಕವೇ ಊದುವ ಗಾಳಿ. ಇದಕ್ಕೆ ನಿದರ್ಶನವಾಗಿ ನಮ್ಮ ಊರಿಗೂ ನಂಟುಳ್ಳ ಒಬ್ಬ ಮಹನೀಯರ ಕಥೆಯಿದೆ. ಜಾರ್ಜ್ ಇಂಗಲ್ ಫಿಂಚ್ ಎಂಬವರು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರಸಾಯನ ವಿಜ್ಞಾನಿ, ಪರ್ವತಾರೋಹಿ. 1922ರ ಎವರೆಸ್ಟ್ ಯಾತ್ರೆಗೆ ಅವರು ಆಕಾಶಬುಟ್ಟಿಯ ಬಟ್ಟೆಯೊಳಗೆ ಐಡರ್ ಎಂಬ ಬಾತಿನ ತುಪ್ಪುಳ ತುಂಬಿಸಿದ ಒಂದು ಕೋಟನ್ನು ತಾವೇ ಯೋಚಿಸಿ ಹೊಲಿಸಿಕೊಂಡು ಬಂದರು. ಉಣ್ಣೆಯ ಕೋಟು ತೊಟ್ಟ ಜೊತೆಗಾರರು ಮೊದಮೊದಲು ನಕ್ಕರು. ಎತ್ತರದ ಗಾಳಿ ಬೀಸತೊಡಗಿದ ಮೇಲೆ ನಗು ನಿಂತು ಅಸೂಯೆ ಹುಟ್ಟಿತು. ಮೇ ತಿಂಗಳ ಕೊನೆಯಲ್ಲಿ ಫಿಂಚ್, ಜೆಫ್ರಿ ಬ್ರೂಸ್ ಮತ್ತು ಗೂರ್ಖಾ ಸೈನಿಕ ತೇಜಬೀರ್ ಬುರಾ ಈ ಮೂವರು 7,700 ಮೀಟರಿಗೂ ಮೇಲೆ ಒಂದು ಪುಟ್ಟ ಗುಡಾರದಲ್ಲಿ ಬಿರುಗಾಳಿಗೆ ಸಿಕ್ಕಿ ಎರಡು ರಾತ್ರಿ ಕಳೆಯಬೇಕಾಯಿತು. ಎರಡನೆಯ ರಾತ್ರಿ ಹಸಿವು ದಣಿವುಗಳಿಂದ ಕೈಕಾಲು ಮರಗಟ್ಟತೊಡಗಿದಾಗ ಫಿಂಚರು ತಾವು ಹೊತ್ತು ತಂದಿದ್ದ ಆಮ್ಲಜನಕವನ್ನು ಸರದಿಯ ಮೇಲೆ ಎಲ್ಲರಿಗೂ ಸ್ವಲ್ಪಸ್ವಲ್ಪ ಕೊಟ್ಟರು. ಆರುತ್ತಿದ್ದ ಒಲೆ ಮತ್ತೆ ಹೊತ್ತಿಕೊಂಡಂತೆ ಮೈಯಲ್ಲಿ ಬಿಸಿ ಮರಳಿತು. ಮೇ 27ರಂದು ಫಿಂಚರೂ ಬ್ರೂಸರೂ ಸುಮಾರು 8,300 ಮೀಟರಿನವರೆಗೆ ಏರಿದರು. ಅಲ್ಲಿಯವರೆಗೆ ಅಷ್ಟೆತ್ತರ ಏರಿದವರು ಯಾರೂ ಇರಲಿಲ್ಲ. ಇದೇ ಫಿಂಚರು 1952ರಿಂದ 1957ರವರೆಗೆ ನಮ್ಮ ಪುಣೆಯ ಪಾಷಾಣ ರಸ್ತೆಯಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. ಆ ದಾರಿಯಲ್ಲಿ ಬಸ್ಸಿನಲ್ಲಿ ಹೋಗುವಾಗ ನೆನೆಸಿಕೊಳ್ಳಿರಿ.

ಆದುದರಿಂದ ಹಸಿದು ಮಲಗಿದವನಿಗೆ ಎಂತಹ ಚೀಲವೂ ಬೆಚ್ಚಗಿರದು. ಇದು ಪರ್ವತದ ಮೇಲಿನ ಮೊದಲ ಪಾಠ.

ಇನ್ನು ಆಯ್ಕೆಯ ಮಾತು. ತುಪ್ಪುಳದ ಗುಣವನ್ನು ಅಳೆಯಲು ‘ಫಿಲ್ ಪವರ್’ ಎಂಬ ಒಂದು ಅಂಕಿಯುಂಟು. ಒಂದು ಔನ್ಸ್, ಎಂದರೆ ಸುಮಾರು 28 ಗ್ರಾಂ ತುಪ್ಪುಳವನ್ನು ಕೊಳವೆಯಂತಹ ಪಾತ್ರೆಯಲ್ಲಿ ಹಾಕಿ, ಮೇಲೊಂದು ಗೊತ್ತಾದ ಹಗುರ ತೂಕವನ್ನಿಟ್ಟು, ಅದು ಎಷ್ಟು ಘನ ಅಂಗುಲ ಜಾಗ ಹಿಡಿಯುತ್ತದೆಂದು ನೋಡುತ್ತಾರೆ. 550 ಎಂದರೆ ಆ ಹಿಡಿಯಷ್ಟು ತುಪ್ಪುಳ ಸುಮಾರು 9 ಲೀಟರು ಜಾಗ ಹಿಡಿಯಿತೆಂದರ್ಥ; 800 ಎಂದರೆ 13 ಲೀಟರು. ಅಂಗಡಿಯವರು ಈ ಅಂಕಿಯನ್ನೇ ದೊಡ್ಡದಾಗಿ ಹೇಳುವರು. ಆದರೆ ಒಳಗೆ ಎಷ್ಟು ಗ್ರಾಂ ತುಂಬಿದೆ ಎಂಬುದನ್ನು ಕೇಳದೆ ಬಿಡಬಾರದು. ನೀವೇ ಲೆಕ್ಕ ಮಾಡಿ ನೋಡಿರಿ: 800ರ ತುಪ್ಪುಳ 300 ಗ್ರಾಂ ತುಂಬಿದ ಚೀಲವು ಸುಮಾರು 139 ಲೀಟರಿನಷ್ಟು ಅರಳಬಲ್ಲದು, 550ರದು 450 ಗ್ರಾಂ ತುಂಬಿದ್ದು ಸುಮಾರು 143 ಲೀಟರು. ಎರಡನೆಯದು ಬೆಚ್ಚನೆಯಲ್ಲಿ ಕಡಿಮೆಯೇನಲ್ಲ. ಬೆನ್ನಿಗೆ 150 ಗ್ರಾಂ ಭಾರ ಹೆಚ್ಚು, ಬೆಲೆ ಬಹಳ ಕಡಿಮೆ. ವಿದ್ಯಾರ್ಥಿಗೆ 150 ಗ್ರಾಂ ಹೊರುವುದು ಕಷ್ಟವಲ್ಲವೆಂದು ನನ್ನ ಅಭಿಪ್ರಾಯ.

ಆಮೇಲೆ ಹೊಲಿಗೆಯನ್ನು ನೋಡಬೇಕು. ನಮ್ಮ ಅಜ್ಜಿಯರು ಹೊಲಿಯುವ ಕೌದಿಯಲ್ಲಿ ದಾರವು ಮೇಲಿನ ಬಟ್ಟೆಯಿಂದ ಕೆಳಗಿನ ಬಟ್ಟೆಗೆ ನೇರವಾಗಿ ಹೋಗುತ್ತದೆ. ಕೌದಿಗೆ ಅದು ಶೋಭೆ. ತುಪ್ಪುಳದ ಚೀಲವನ್ನು ಹಾಗೆ ಹೊಲಿದರೆ ಹೊಲಿಗೆಯ ಗೆರೆಯುದ್ದಕ್ಕೂ ತುಪ್ಪುಳವೇ ಇರದೆ, ಅಲ್ಲೆಲ್ಲ ಚಳಿ ನುಗ್ಗುವುದು. ಒಳ್ಳೆಯ ಚೀಲದಲ್ಲಿ ಎರಡು ಬಟ್ಟೆಗಳ ನಡುವೆ ತೆಳ್ಳನೆಯ ಅಡ್ಡಗೋಡೆಗಳಿದ್ದು ತುಪ್ಪುಳವು ಕೋಣೆ ಕೋಣೆಯಾಗಿ ನಿಂತಿರುತ್ತದೆ. ದೀಪದ ಮುಂದೆ ಹಿಡಿದು ನೋಡಿದರೆ ಬರಿದಾದ ಜಾಗಗಳು ಗೊತ್ತಾಗುವುವು. ತಲೆಗೆ ಕುಲಾವಿ, ಜಿಪ್ಪಿನ ಒಳಬದಿಗೆ ಉದ್ದಕ್ಕೂ ತುಪ್ಪುಳದ ಒಂದು ಸುರುಳಿ, ಇವೆರಡೂ ಇರಬೇಕು. ಕಾಲಿನ ಕಡೆಗೆ ಕಿರಿದಾಗುವ ಚೀಲವು ಚೌಕದ ಚೀಲಕ್ಕಿಂತ ಬೇಗ ಬೆಚ್ಚಗಾಗುತ್ತದೆ, ಒಳಗೆ ಕಾಯಿಸಬೇಕಾದ ಗಾಳಿ ಕಡಿಮೆಯಷ್ಟೆ. ಹಾಗೆಂದು ಮೈಗೆ ಬಿಗಿಯಾದುದನ್ನು ಕೊಂಡರೆ ಮೊಣಕೈ ಮೊಣಕಾಲುಗಳೇ ತುಪ್ಪುಳವನ್ನು ಒತ್ತಿಬಿಡುವುವು.

ಚೀಲದ ಮೇಲೆ ಬರೆದಿರುವ ಉಷ್ಣತೆಯ ಅಂಕಿಯಿಂದ ನಾನು ಮೋಸಹೋದೆನು. ಮೋಸ ಯಾರದೂ ಅಲ್ಲ, ನನ್ನ ಅಜ್ಞಾನದ್ದು. ಯುರೋಪಿನಲ್ಲಿ 2002ರಲ್ಲಿ ಇದಕ್ಕೊಂದು ಮಾನದಂಡ ಬಂದು, 2016ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾಯಿತು. ಬಿಸಿಯೇರಿಸಿದ ಒಂದು ಗೊಂಬೆಯನ್ನು ಚೀಲದೊಳಗೆ ಮಲಗಿಸಿ ಅಳತೆ ಮಾಡುತ್ತಾರೆ. ಅದರಿಂದ ಮೂರು ಅಂಕಿಗಳು ದೊರೆಯುತ್ತವೆ: ಸಾಧಾರಣ ಹೆಂಗಸೊಬ್ಬಳು ಹಾಯಾಗಿ ನಿದ್ರಿಸಬಲ್ಲ ಉಷ್ಣತೆ, ಸಾಧಾರಣ ಗಂಡಸೊಬ್ಬನು ಮುದುಡಿಕೊಂಡು ರಾತ್ರಿ ಕಳೆಯಬಲ್ಲ ಉಷ್ಣತೆ, ಕೊನೆಯದಾಗಿ ಪ್ರಾಣವೊಂದು ಉಳಿಯಬಹುದಾದ ಉಷ್ಣತೆ. ನಾನು ಕೊಂಡ ಚೀಲದ ಮೇಲೆ ದಪ್ಪಕ್ಷರದಲ್ಲಿದ್ದ ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಅಂಕಿ ಈ ಮೂರನೆಯದು. ನೀರು ಇನ್ನೂ ಹೆಪ್ಪುಗಟ್ಟದ ರಾತ್ರಿಯಲ್ಲಿಯೇ ನನ್ನ ಹಲ್ಲುಗಳು ತಾಳ ಹಾಕಿದವು. ನೀವು ನೋಡಬೇಕಾದುದು ಮೊದಲನೆಯ ಅಂಕಿಯನ್ನು ಮಾತ್ರ. ಈ ಮಾನದಂಡವು ದೊಡ್ಡವರ ಮೈಯನ್ನು ಎಣಿಸಿ ಮಾಡಿದ್ದು. ಮಕ್ಕಳ ಚೀಲಗಳಿಗೆ ಅನ್ವಯಿಸದು. ಆದುದರಿಂದ ನಿಮ್ಮ ವಯಸ್ಸಿನವರು ಅದಕ್ಕಿಂತಲೂ ಹೆಚ್ಚು ಬೆಚ್ಚನೆಯ ಚೀಲವನ್ನೇ ಆರಿಸಬೇಕು.

ಅಂಕಿ ಎಷ್ಟೇ ಒಳ್ಳೆಯದಿದ್ದರೂ ಕೆಳಗೆ ಹಾಸುವ ಚಾಪೆ ಇಲ್ಲದಿದ್ದರೆ ವ್ಯರ್ಥ. ಮೈಯ ಭಾರಕ್ಕೆ ಕೆಳಗಿನ ತುಪ್ಪುಳ ಚಪ್ಪಟೆಯಾಗಿ ಗಾಳಿಯೆಲ್ಲ ಹೊರಟುಹೋಗುತ್ತದೆ. ನೆಲದ ಚಳಿಯನ್ನು ತಡೆಯುವುದು ಚಾಪೆಯ ಕೆಲಸ.

ಹಕ್ಕಿಯ ತುಪ್ಪುಳವೆಂದೊಡನೆ ನಮ್ಮಲ್ಲಿ ಹಲವರ ಮನಸ್ಸು ಹಿಂಜರಿಯುವುದು ಸಹಜ. ಮಾರಾಟಕ್ಕೆ ಬರುವ ತುಪ್ಪುಳದಲ್ಲಿ ಹೆಚ್ಚಿನದು ಮಾಂಸಕ್ಕಾಗಿ ಸಾಕಿದ ಹಕ್ಕಿಗಳದು. ಜೀವಂತ ಹಕ್ಕಿಯಿಂದ ಕೀಳುವ ಕ್ರೂರ ಪದ್ಧತಿಯೂ ಇರುವುದರಿಂದ, ಅದನ್ನು ಬಹಿಷ್ಕರಿಸುವ ‘ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್’ ಎಂಬ ಪ್ರಮಾಣಪತ್ರ 2014ರಲ್ಲಿ ಆರಂಭವಾಯಿತು. ಕೊಳ್ಳುವವರು ಅದನ್ನು ಕೇಳಿ ನೋಡಬೇಕು. ಐಸ್‌ಲೆಂಡಿನ ಐಡರ್ ಬಾತು ಮಾತ್ರ ತನ್ನ ಎದೆಯ ತುಪ್ಪುಳವನ್ನು ತಾನೇ ಕಿತ್ತು ಗೂಡಿಗೆ ಹಾಸುತ್ತದೆ. ರೈತರು ಅದನ್ನು ಗೂಡಿನಿಂದ ಆಯ್ದುಕೊಳ್ಳುತ್ತಾರೆ, ಹಕ್ಕಿಗೆ ಹಾನಿಯಿಲ್ಲ. ಒಂದು ಕಿಲೋಗ್ರಾಂ ಕೂಡಿಸಲು ಸುಮಾರು 60 ಗೂಡುಗಳು ಬೇಕಾಗುವುದರಿಂದ ಅದರ ಬೆಲೆ ನಮ್ಮ ಕೈಗೆ ಎಟುಕದು. ಬೇಡವೆನ್ನುವವರಿಗೆ ಪಾಲಿಯೆಸ್ಟರ್ ಎಳೆ ತುಂಬಿದ ಚೀಲಗಳಿವೆ. ಅವು ಭಾರ, ಗಾತ್ರದಲ್ಲಿ ದೊಡ್ಡವು. ಆದರೆ ಒದ್ದೆಯಾದರೂ ಅಷ್ಟಿಷ್ಟು ಬಿಸಿಯನ್ನು ಉಳಿಸುತ್ತವೆ. ನಿಜವಾಗಿ ಹೇಳುವುದಾದರೆ ಸಹ್ಯಾದ್ರಿಯ ಕೋಟೆಗಳಿಗೆ ತುಪ್ಪುಳವೇ ಬೇಡ. ಡಿಸೆಂಬರಿನ ರಾತ್ರಿಗೆ ಪಾಲಿಯೆಸ್ಟರ್ ಚೀಲವೋ ಮನೆಯ ಕಂಬಳಿಯೋ ಸಾಕು. ಮಳೆಗಾಲದಲ್ಲಂತೂ ತುಪ್ಪುಳವನ್ನು ಅಲ್ಲಿಗೆ ಒಯ್ಯುವುದು ಅವಿವೇಕ.

ಏಕೆಂದರೆ ತುಪ್ಪುಳದ ಶತ್ರು ನೀರು. ಇದನ್ನು ನಾನು ಕುಲ್ಲು ಕಣಿವೆಯ ಮೇಲೆ, ಸುಮಾರು 3,500 ಮೀಟರ್ ಎತ್ತರದ ಒಂದು ಬಿಡಾರದಲ್ಲಿ ಕಣ್ಣಾರೆ ಕಂಡೆನು. ಅಂದು ಸಂಜೆ ಹಳ್ಳ ದಾಟುವಾಗ ನನ್ನ ಗೆಳೆಯನು ಜಾರಿ ಬಿದ್ದು ಅವನ ಬೆನ್ನುಚೀಲ ನೀರಿನಲ್ಲಿ ಮುಳುಗಿತು. ಒಳಗೆ ಪ್ಲಾಸ್ಟಿಕ್ ಹೊದಿಕೆಯಿರಲಿಲ್ಲ. ಗುಡಾರಕ್ಕೆ ಬಂದು ಮಲಗುವ ಚೀಲವನ್ನು ತೆಗೆದರೆ, ಒಂದು ಗೇಣು ಉಬ್ಬಿ ನಿಲ್ಲುತ್ತಿದ್ದ ಹೊದಿಕೆಯು ಒದ್ದೆ ಪಂಚೆಯಂತೆ ಜೋತುಬಿದ್ದು, ತುಪ್ಪುಳವೆಲ್ಲ ನೆನೆದ ಹಿಟ್ಟಿನ ಉಂಡೆಗಳಂತೆ ಮೂಲೆಗಳಲ್ಲಿ ಕೂಡಿತ್ತು. “ಮೈಯ ಬಿಸಿಗೆ ಒಣಗುತ್ತದೆ ಬಿಡೊ” ಎಂದು ಅವನು ಅದರಲ್ಲಿಯೇ ಸೇರಿಕೊಂಡನು. ನಡುರಾತ್ರಿಯ ಹೊತ್ತಿಗೆ ಅವನ ನಡುಕ ನಿಂತಿತು. ನಾನು ಬೆಚ್ಚಗಾದನೆಂದೇ ಭಾವಿಸಿದೆನು. ಮಾತನಾಡಿಸಿದರೆ ನಾಲಗೆ ತೊದಲುತ್ತಿತ್ತು. ತಾನು ಎಲ್ಲಿರುವೆನೆಂಬುದನ್ನೂ ಅವನು ಸರಿಯಾಗಿ ಹೇಳಲಿಲ್ಲ. ಚಳಿಯಲ್ಲಿ ನಡುಗುವವನಿಗಿಂತ ನಡುಗುವುದನ್ನು ನಿಲ್ಲಿಸಿದವನಿಗೆ ಅಪಾಯ ಹೆಚ್ಚೆಂಬುದು ನಮ್ಮ ಮಾರ್ಗದರ್ಶಿಗೆ ಗೊತ್ತಿತ್ತು. ಆತನು ಒದ್ದೆ ಬಟ್ಟೆಯನ್ನೆಲ್ಲ ಬಿಡಿಸಿ, ಒಣಬಟ್ಟೆ ತೊಡಿಸಿ, ಅವನನ್ನು ನನ್ನ ಚೀಲದೊಳಗೆ ಸೇರಿಸಿ, ಹತ್ತಿರದಲ್ಲಿ ಮಂದೆ ತಂಗಿಸಿದ್ದ ಗದ್ದಿ ಕುರಿಗಾಹಿಯಿಂದ ಉಣ್ಣೆಯ ದಪ್ಪ ಹೊದಿಕೆಯೊಂದನ್ನು ಬೇಡಿ ತಂದು ಮೇಲೆ ಹೊದಿಸಿದನು. ಆ ಹೊದಿಕೆಯೂ ಮಂಜಿನಿಂದ ತೇವವಾಗಿಯೇ ಇತ್ತು, ಆದರೂ ಬೆಚ್ಚಗಿತ್ತು. ಉಣ್ಣೆಯ ಗುಣವೇ ಅದು. ನಮ್ಮ ಕುರುಬರು ಮಳೆಯಲ್ಲಿ ಕಂಬಳಿ ಹೊದ್ದು ನಿಲ್ಲುವುದನ್ನು ನೀವು ಊರಿಗೆ ಹೋದಾಗ ಕಂಡಿರಬಹುದು. ನಾವು ಉಳಿದವರು ಮೈಗೆ ಮೈ ತಾಗಿಸಿ ಕುಳಿತು, ಅವನು ಸರಿಯಾಗಿ ನುಂಗುವಂತಾದ ಮೇಲೆ ಬಿಸಿ ಸಕ್ಕರೆನೀರನ್ನು ಗುಟುಕು ಗುಟುಕಾಗಿ ಕುಡಿಸಿ ಬೆಳಗು ಮಾಡಿದೆವು. ಮುಂಜಾನೆ ಅವನು “ಚಹಾ ಎಲ್ಲಿ?” ಎಂದು ಗದರಿಕೊಂಡಾಗ ನಮಗಾದ ಸಂತೋಷವನ್ನು ಬರೆದು ಹೇಳಲಾರೆನು.

ಆದುದರಿಂದ ಬೆನ್ನುಚೀಲದೊಳಗೆ ದಪ್ಪನೆಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಮಲಗುವ ಚೀಲ; ಇದನ್ನು ಎಂದೂ ತಪ್ಪಿಸಬೇಡಿರಿ. ಹೊರಗಿನ ನೀರಿನಂತೆ ಒಳಗಿನ ನೀರೂ ಉಂಟು. ರಾತ್ರಿಯೆಲ್ಲ ನಮ್ಮ ಮೈಯಿಂದ ಹೊರಡುವ ಬೆವರಿನ ಆವಿ ತುಪ್ಪುಳದಲ್ಲಿ ಸೇರುತ್ತದೆ. ಮುಖವನ್ನು ಒಳಗೆಳೆದುಕೊಂಡು ಮಲಗಿದರೆ ಉಸಿರಿನ ತೇವವೂ ಕೂಡಿಕೊಳ್ಳುವುದು. ಮೂಗು ಬಾಯಿ ಹೊರಗಿರಲಿ. ಬೆಳಿಗ್ಗೆ ಎದ್ದೊಡನೆ ಚೀಲವನ್ನು ಒಳಹೊರಗು ಮಾಡಿ ಬಂಡೆಯ ಮೇಲೆ ಅರ್ಧ ಗಂಟೆ ಎಳೆಬಿಸಿಲಿಗೆ ಹರಡಬೇಕು. ಮಡಿಸಿ ಸುತ್ತುವ ಗೊಡವೆ ಬೇಡ. ಕಾಲಿನ ತುದಿಯಿಂದ ಆರಂಭಿಸಿ ಹಿಡಿ ಹಿಡಿಯಾಗಿ ತುರುಕಿದರೆ ಒಂದೇ ಗೆರೆಯಲ್ಲಿ ದಿನವೂ ಮಡಿಕೆ ಬೀಳುವುದು ತಪ್ಪುತ್ತದೆ. ಬೆಂಕಿಯ ಕಿಡಿ ತಾಗಿದರೆ ನೈಲಾನ್ ಬಟ್ಟೆ ಕರಗಿ ತೂತಾಗುವುದು. ಸಣ್ಣ ಹರಕಿಗೆ ಅಂಟುಪಟ್ಟಿ ಹಚ್ಚಿರಿ, ಸೂಜಿ ಹಾಕಬೇಡಿರಿ. ಸೂಜಿಯ ತೂತುಗಳಿಂದಲೂ ತುಪ್ಪುಳ ಹೊರಬರುವುದು.

ಮನೆಗೆ ಬಂದ ಮೇಲೆ ಹೆಚ್ಚಿನವರು ಮಾಡುವ ತಪ್ಪೆಂದರೆ ಒತ್ತಿ ಕಟ್ಟಿದ ಗಂಟನ್ನು ಹಾಗೆಯೇ ಅಟ್ಟಕ್ಕೆ ಎಸೆಯುವುದು. ವರ್ಷಗಟ್ಟಲೆ ಒತ್ತಿದ ತುಪ್ಪುಳ ಮತ್ತೆ ಪೂರ್ತಿಯಾಗಿ ಅರಳದು. ದೊಡ್ಡ ಹತ್ತಿಬಟ್ಟೆಯ ಚೀಲದಲ್ಲಿ, ಹಳೆಯ ದಿಂಬಿನ ಜೋಡಿ ಗವಸುಗಳನ್ನು ಸೇರಿಸಿ ಹೊಲಿದರೂ ಆದೀತು, ಸಡಿಲವಾಗಿ ತುಂಬಿ ಕಪಾಟಿನಲ್ಲಿಡಬೇಕು. ಮುಂಬಯಿ ಪುಣೆಗಳ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ, ಬಿಸಿಲು ಕಂಡ ದಿನ ಹೊರತೆಗೆದು ಗಾಳಿಗೆ ಹರವುವುದು ಒಳ್ಳೆಯದು.

ತೊಳೆಯುವುದನ್ನು ಎಷ್ಟು ಮುಂದೂಡಿದರೆ ಅಷ್ಟು ಲೇಸು. ಒಳಗೆ ತೆಳ್ಳನೆಯ ಬಟ್ಟೆಯ ಗವಸು ಹಾಕಿ ಮಲಗಿದರೆ ಮೈಯ ಜಿಡ್ಡು ಚೀಲಕ್ಕೆ ತಾಗದು. ತೊಳೆಯಲೇಬೇಕಾದರೆ ಏಪ್ರಿಲ್ ತಿಂಗಳ ಒಣಹವೆಯಲ್ಲಿ ತೊಳೆಯಿರಿ. ಸಾಮಾನ್ಯ ಸೋಪಿನ ಪುಡಿಯು ತುಪ್ಪುಳದ ಸಹಜವಾದ ಎಣ್ಣೆಯಂಶವನ್ನು ತೆಗೆದುಬಿಡುತ್ತದೆ. ತುಪ್ಪುಳಕ್ಕೆಂದೇ ಮಾಡಿದ ಸೌಮ್ಯವಾದ ಸಾಬೂನು ಬೇಕು. ದೊಡ್ಡ ತೊಟ್ಟಿಯ ಉಗುರುಬೆಚ್ಚನೆಯ ನೀರಿನಲ್ಲಿ ಮೆಲ್ಲಗೆ ಒತ್ತಿ ಒತ್ತಿ ತೊಳೆದು, ಸಾಬೂನಿನ ನೊರೆ ಪೂರ್ತಿ ಹೋಗುವವರೆಗೆ ಹಲವು ಸಲ ಜಾಲಿಸಬೇಕು. ಹಿಂಡಕೂಡದು. ಒಂದು ತುದಿ ಹಿಡಿದು ಮೇಲಕ್ಕೆತ್ತಲೂ ಕೂಡದು; ನೀರಿನ ಭಾರಕ್ಕೆ ಒಳಗಿನ ಗೋಡೆಗಳು ಹರಿಯುವುವು. ಮಲಗಿದ ಕೂಸನ್ನು ಎತ್ತುವಂತೆ ಎರಡೂ ಕೈಗಳನ್ನು ಅಡಿಗೆ ಕೊಟ್ಟು ಎತ್ತಿ, ನೆರಳಿನಲ್ಲಿ ಚಾಪೆಯ ಮೇಲೆ ಹರಡಬೇಕು. ಒಣಗಲು ಮೂರು ನಾಲ್ಕು ದಿನ ಹಿಡಿಯುವುದುಂಟು. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಮಾಳಿಗೆಯ ಮೇಲೆ ಹೋಗಿಬರುವವರೆಲ್ಲರೂ ಎರಡು ನಿಮಿಷ ಕುಳಿತು, ಬಟ್ಟೆಯ ಮೇಲಿನಿಂದಲೇ ಗಂಟುಗಳನ್ನು ಬೆರಳಿನಿಂದ ಬಿಡಿಸಿ, ಮಗ್ಗುಲು ತಿರುಗಿಸಿ ಹೋಗಬೇಕೆಂಬ ನಿಯಮವಿದೆ. ಮೂರನೆಯ ದಿನದ ಸಂಜೆ, ಬೆರಳಿಗೆ ಒಂದು ಗಂಟೂ ಸಿಕ್ಕದೆ, ಚೀಲವು ಆ ಗುಬ್ಬಚ್ಚಿಯಂತೆಯೇ ಮೈಯುಬ್ಬಿಸಿಕೊಂಡು ಚಾಪೆಯ ಮೇಲೆ ಕುಳಿತಿರುತ್ತದೆ.