ಆಯ್ಕೆಯ ಜಾಗವನ್ನು ಗುರುತಿಸುವ ಬೀಜಗಣಿತ

ಒಂದೇ ಹೊತ್ತಿಗೆ ನಡೆಯುವ ಕಂಪ್ಯೂಟರ್ ಕೆಲಸಗಳನ್ನು ಸಮೀಕರಣಗಳಿಂದ ಅಳೆಯುವ ಶಾಸ್ತ್ರವೇ ಪ್ರೋಸೆಸ್ ಆಲ್ಜಿಬ್ರಾ. ಶಾಲೆಯ ಬೀಜಗಣಿತದಲ್ಲಿ ಅಕ್ಷರಗಳು ಸಂಖ್ಯೆಗಳನ್ನು ಸೂಚಿಸಿದರೆ ಇಲ್ಲಿ ಕೆಲಸಗಳನ್ನು ಸೂಚಿಸುತ್ತವೆ. ಹತ್ತು ಹೆಜ್ಜೆಗಳ ಎರಡು ಕೆಲಸಗಳು 1,84,756 ಕ್ರಮಗಳಲ್ಲಿ ಹೆಣೆದುಕೊಳ್ಳಬಹುದು. ಅಷ್ಟನ್ನೂ ಓಡಿಸಿ ನೋಡುವುದಕ್ಕಿಂತ ಲೆಕ್ಕ ಮಾಡಿ ಸಾಧಿಸುವುದೇ ದಾರಿ.

ಇಂಥ ಲೆಕ್ಕಕ್ಕೆ ಟೋನಿ ಹೋರ್ 1978ರಲ್ಲಿ ಸಿಎಸ್‌ಪಿ ಎಂಬ ಪದ್ಧತಿಯನ್ನು, ಎಡಿನ್‌ಬರೋದ ರಾಬಿನ್ ಮಿಲ್ನರ್ 1980ರಲ್ಲಿ ಸಿಸಿಎಸ್ ಎಂಬ ಪದ್ಧತಿಯನ್ನು ಮುಂದಿಟ್ಟರು. ಮಿಲ್ನರ್ ಪದ್ಧತಿಯಲ್ಲಿ ‘ಕ+ಖ’ ಎಂದರೆ ಎರಡರಲ್ಲಿ ಒಂದರ ಆಯ್ಕೆ. ‘ಕ·ಖ’ ಎಂದರೆ ಕ ಮುಗಿದ ಮೇಲೆ ಖ. ‘0’ ಎಂದರೆ ಏನನ್ನೂ ಮಾಡದೆ ನಿಂತ ಸ್ಥಿತಿ. ಆಯ್ಕೆಯ ಮೂಲಸೂತ್ರಗಳು ನಾಲ್ಕೇ: ಕ+ಖ = ಖ+ಕ, (ಕ+ಖ)+ಗ = ಕ+(ಖ+ಗ), ಕ+ಕ = ಕ, ಕ+0 = ಕ. ಮೂರನೆಯದು ಸಂಖ್ಯೆಗಳ ಲೋಕದಲ್ಲಿಲ್ಲ.

ಆದರೆ ಈ ಶಾಸ್ತ್ರದ ತಿರುಳಿರುವುದು ಅದು ಒಪ್ಪದ ಒಂದು ಸೂತ್ರದಲ್ಲಿ. ಕಾರ್ಕಳದಿಂದ ಬಂದ ರಸ್ತೆ ಬಜಗೋಳಿಯಲ್ಲಿ ಕವಲೊಡೆಯುತ್ತದೆ: ಒಂದು ಮಾಳ, ಕುದುರೆಮುಖದ ಕಡೆಗೆ, ಇನ್ನೊಂದು ನಾರಾವಿಯ ಕಡೆಗೆ. ಸ್ವಂತ ವಾಹನದವರು ಬಜಗೋಳಿಗೆ ಬಂದ ಮೇಲೆ ದಾರಿ ಆರಿಸಬಹುದು: ಬ·(ಮ+ನ). ಬೋರ್ಡು ನೋಡದೆ ಕಾರ್ಕಳದಲ್ಲೇ ಬಸ್ ಹತ್ತಿದವರ ಆಯ್ಕೆ ಆಗಲೇ ಮುಗಿದಿರುತ್ತದೆ: ಬ·ಮ + ಬ·ನ. ಹಾದುಹೋಗುವ ಊರುಗಳ ಪಟ್ಟಿ ಎರಡರಲ್ಲೂ ಒಂದೇ. ಮಾಳದ ಘಾಟಿಯಲ್ಲಿ ಮರ ಬಿದ್ದು ರಸ್ತೆ ಬಂದ್ ಆದರೆ ಮೊದಲಿನವರು ನಾರಾವಿಗೆ ತಿರುಗುತ್ತಾರೆ, ಮಾಳದ ಬಸ್ಸಿನಲ್ಲಿದ್ದವರು ಬಜಗೋಳಿಯಲ್ಲೇ ಉಳಿಯುತ್ತಾರೆ. ಸರ್ವರ್‌ಗಳು ಸಿಕ್ಕಿಬೀಳುವ ‘ಡೆಡ್‌ಲಾಕ್’ ಇಂಥದ್ದೇ. ಹೀಗಾಗಿ ಮಿಲ್ನರ್ ಈ ಎರಡನ್ನು ಸಮವೆನ್ನಲಿಲ್ಲ. ಹೆಜ್ಜೆ ಹೆಜ್ಜೆಗೂ ಸರಿಗಟ್ಟಿ ನೋಡುವ ಈ ಸಮತೆಗೆ 1981ರಲ್ಲಿ ಡೇವಿಡ್ ಪಾರ್ಕ್ ಬೈಸಿಮ್ಯುಲೇಶನ್ ಎಂಬ ನಿಖರ ರೂಪ ಕೊಟ್ಟರು.

ಕೊನೆಯಿರುವ, ಒಂದಾದ ಮೇಲೊಂದು ನಡೆಯುವ ಕೆಲಸಗಳಿಗೆ ಆ ನಾಲ್ಕು ಸೂತ್ರಗಳೇ ಸಾಕೆಂದು ಮ್ಯಾಥ್ಯೂ ಹೆನೆಸಿ ಮತ್ತು ಮಿಲ್ನರ್ ಸಾಧಿಸಿದರು. ಜೊತೆಯಾಗಿ ನಡೆಯುವ ‘ಕ‖ಖ’ ಸೇರಿದೊಡನೆ ತೊಡಕು ಶುರು. ಒಂದೊಂದೇ ಹೆಜ್ಜೆಯ ಕೆಲಸಗಳಾದರೆ ಕ‖ಖ = ಕ·ಖ + ಖ·ಕ ಎಂದು ಬಿಡಿಸಬಹುದು; ಹೆಜ್ಜೆಗಳು ಹೆಚ್ಚಿದಂತೆ ಹೊಸ ಸಮೀಕರಣ ಬೇಕಾಗುತ್ತಲೇ ಹೋಗುತ್ತದೆ. ಎಷ್ಟೇ ಸೂತ್ರ ಬರೆದಿಟ್ಟರೂ ಆ ಪಟ್ಟಿ ಸಾಲದೆಂದು ಫ್ಯಾರನ್ ಮೋಲರ್ 1990ರಲ್ಲಿ ತೋರಿಸಿದರು. ಪರಿಹಾರ ಅದಕ್ಕೂ ಮೊದಲೇ ಆಮ್‌ಸ್ಟರ್‌ಡ್ಯಾಮಿನಲ್ಲಿ ಸಿಕ್ಕಿತ್ತು. ಎಡಗಡೆಯ ಕೆಲಸವೇ ಮೊದಲ ಹೆಜ್ಜೆ ಇಡಬೇಕೆಂಬ ಒಂದು ಸಹಾಯಕ ಚಿಹ್ನೆಯನ್ನು ಯಾನ್ ಬರ್ಗ್‌ಸ್ಟ್ರಾ ಮತ್ತು ಯಾನ್ ವಿಲೆಮ್ ಕ್ಲಾಪ್ ಸೇರಿಸಿದ್ದರು. ಆಗ ಬೆರಳೆಣಿಕೆಯ ಸೂತ್ರಗಳೇ ಸಾಕಾಗುತ್ತವೆ, ನಿಜಕ್ಕೂ ಸೊಗಸಾದ ಉಪಾಯ.

ಮತ್ತೆ ಮತ್ತೆ ನಡೆಯುವ ಕೆಲಸಗಳ ಪ್ರಶ್ನೆ ಇನ್ನೂ ಕಠಿಣ. ಅವುಗಳಿಗಾಗಿ ತಾನು ರೂಪಿಸಿದ ನಿಯಮಗಳು ಸಾಕೇ ಎಂದು ಮಿಲ್ನರ್ 1984ರಲ್ಲಿ ಕೇಳಿದ್ದರು. ಸಾಕು ಎಂಬ ಸಾಧನೆಯನ್ನು ಕ್ಲೆಮೆನ್ಸ್ ಗ್ರಾಬ್‌ಮಾಯರ್ ಮಂಡಿಸಿದ್ದು 2022ರಲ್ಲಿ.