ಆಪದ್ಧರ್ಮವೂ ಮತದಾನವೂ

ಪ್ರಗತಿಪರನಾದ ಮತದಾರನು ತನಗೆ ಪೂರ್ಣಸಮ್ಮತನಲ್ಲದ ಮಧ್ಯಮಪಕ್ಷದ ಅಭ್ಯರ್ಥಿಗೆ ಮತವೀಯಬಹುದೆ? 2000ದ ಅಮೆರಿಕದ ಅಧ್ಯಕ್ಷಚುನಾವಣೆಯಲ್ಲಿ ಫ್ಲಾರಿಡಾ ಸಂಸ್ಥಾನದೊಳಗೆ ಬುಷ್ಷರು ಮಧ್ಯಮಮಾರ್ಗಿಗಳಾದ ಗೋರರನ್ನು ಮೀರಿದ್ದು 537 ಮತಗಳಿಂದ. ಹಸುರು ಪಕ್ಷದ ನೇಡರರಿಗೆ ಬಿದ್ದುವು 97,000ಕ್ಕೂ ಮಿಕ್ಕು. ಅವೆಲ್ಲವೂ ಗೋರರಿಗೇ ಸಲ್ಲುತ್ತಿದ್ದುವೆನ್ನಲಾಗದು. ನೂರಕ್ಕೊಂದು ಸಂದಿದ್ದರೂ ಸಾಕಿತ್ತು. ಸಂಸ್ಥಾನದ 25 ನಿರ್ವಾಚಕಸ್ಥಾನಗಳೂ, ಅವುಗಳೊಡನೆ ಅಧ್ಯಕ್ಷಪದವಿಯೂ, ಬುಷ್ಷರ ಪಾಲಾದುವು.

ಇಂತಹ ಸಂಕಟಕ್ಕೆ ಶಾಂತಿಪರ್ವದ ಆಪದ್ಧರ್ಮಭಾಗದಲ್ಲಿ ದೃಷ್ಟಾಂತವುಂಟು. ಪಲಿತನೆಂಬ ಇಲಿಯು ಮುಂಗುಸಿ ಗೂಬೆಗಳಿಗಂಜಿ, ಬಲೆಗೆ ಸಿಕ್ಕ ಬೆಕ್ಕನ್ನೇ ಆಶ್ರಯಿಸಿತು. ಪಾಶವನ್ನು ಕಡಿಯುವಾಗ ಒಂದೆಳೆಯನ್ನು ಬೇಡನು ಬರುವವರೆಗೂ ಉಳಿಸಿಕೊಂಡಿತು. ಮತದಾರನಿಗಾದರೋ ಉಳಿಸಿಕೊಳ್ಳುವ ಎಳೆಯಿಲ್ಲ. ಇತ್ತ ಮತವು ಹಿಂದಿರುಗದು. ಆದುದರಿಂದ ಒಪ್ಪಂದವನ್ನು ಮುಂಚಿತವಾಗಿಯೇ, ಬಹಿರಂಗವಾಗಿಯೇ ಮಾಡಿಕೊಳ್ಳತಕ್ಕದ್ದು. ಸ್ಪರ್ಧೆಯು ನಿಕಟವಾದೆಡೆಯಲ್ಲಿ ಮಧ್ಯಮನನ್ನು ಬೆಂಬಲಿಸುವುದೇ ಯುಕ್ತವೆಂದು ನನಗೆ ತೋರುತ್ತದೆ. ಫಲಿತಾಂಶವು ಮೊದಲೇ ನಿಶ್ಚಿತವಾಗಿದ್ದ ನ್ಯೂಯಾರ್ಕಿನಂತಹ ಸಂಸ್ಥಾನಗಳಲ್ಲಿ ನೇಡರರಿಗೆ ಮತವಿತ್ತವರಲ್ಲಿ ದೋಷವೆಣಿಸಲಾರೆನು.